ಚಾಮುಂಡಿ ಬೆಟ್ಟ: ಮೆಟ್ಟಿಲ ದಾರಿಗೆ ಪೂರ್ಣ ಅಂಕ, ಮೇಲಿನ ವ್ಯವಸ್ಥೆಗೆ ಅರ್ಧ

ಮೈಸೂರಿಗೆ ಬರುವ ಹೆಚ್ಚಿನವರು ಚಾಮುಂಡಿ ಬೆಟ್ಟ ನೋಡುವ ಕ್ರಮ ಒಂದೇ. ಕಾರಿನಲ್ಲಿ ನೇರ ಮೇಲಕ್ಕೆ, ಮಹಿಷಾಸುರನ ಮುಂದೆ ಫೋಟೊ, ದರ್ಶನದ ಸಾಲು, ಇಳಿಯುವಾಗ ನಂದಿಯ ಹತ್ತಿರ ಐದು ನಿಮಿಷ. ಇಷ್ಟಕ್ಕೆ ಅರ್ಧ ದಿನ ಹೋಗುತ್ತದೆ, ಆದರೆ ನೋಡಿದ್ದು ದೇವಸ್ಥಾನದ ಸುತ್ತಲಿನ ಒಂದು ಚೌಕ ಮಾತ್ರ. ಬೆಟ್ಟದ ನಿಜವಾದ ಸೊಗಸು, ಅದರ ಕಲ್ಲು, ಅದರ ಇತಿಹಾಸ ಎಲ್ಲವೂ ಪಾದದಿಂದ ಹೊರಡುವ ಮೆಟ್ಟಿಲ ದಾರಿಯಲ್ಲಿವೆ. ಮೊಣಕಾಲು, ಎದೆ ಗಟ್ಟಿಯಿರುವ ಯಾರಿಗೇ ಆದರೂ ನಮ್ಮ ಸಲಹೆ ಒಂದೇ: ಬೆಳಿಗ್ಗೆ ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಇಳಿಯಿರಿ. ತಿರುವುಮುರುವು ಮಾಡಬೇಡಿ. ಕಾರಣ ಮುಂದೆ ಹೇಳುತ್ತೇವೆ.

ಬೆಟ್ಟ ಇರುವುದು ಊರಿನ ಆಗ್ನೇಯಕ್ಕೆ. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರ. ಮೈಸೂರು ನಗರವೇ 770 ಮೀಟರ್ ಆಸುಪಾಸಿನಲ್ಲಿರುವುದರಿಂದ ಕಣ್ಣಿಗೆ ಕಾಣುವ ಏರು ಮುನ್ನೂರು ಮೀಟರಿಗಿಂತ ಸ್ವಲ್ಪ ಕಡಿಮೆ. ಊರಿನ ನಡುವಿನಿಂದ ದೇವಸ್ಥಾನಕ್ಕೆ ಡಾಂಬರು ರಸ್ತೆಯಲ್ಲಿ ಸುಮಾರು 13 ಕಿಲೋಮೀಟರ್ ಸುತ್ತಬೇಕು. ಮೆಟ್ಟಿಲ ದಾರಿಯ ಪಾದ ಅದಕ್ಕಿಂತ ಬಹಳ ಹತ್ತಿರ. ಆಟೋದವರಿಗೆ ‘ಬೆಟ್ಟದ ಪಾದ, ಮೆಟ್ಟಿಲ ಹತ್ರ’ ಎಂದೇ ಹೇಳಬೇಕು. ಬರೀ ‘ಚಾಮುಂಡಿ ಬೆಟ್ಟ’ ಎಂದರೆ ಮೇಲಕ್ಕೇ ಬಾಡಿಗೆ ಹೇಳುತ್ತಾರೆ.

ಮೊದಲು ಕಲ್ಲಿನ ವಿಷಯ. ಹತ್ತುವಾಗ ಅದರ ಮೇಲೇ ಕಾಲಿಡುತ್ತೀರಿ, ಆದರೂ ಹೆಚ್ಚು ಜನ ಅದನ್ನು ಗಮನಿಸುವುದಿಲ್ಲ. ಮೈಸೂರಿನ ಸುತ್ತಲಿನ ಬಯಲಿನ ತಳಬಂಡೆ 250 ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆ, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಪಟ್ಟೆಪಟ್ಟೆಯ ಕಲ್ಲು. ಬೆಟ್ಟ ಮಾತ್ರ ಗ್ರಾನೈಟ್, ವಯಸ್ಸು ಸುಮಾರು 80 ಕೋಟಿ ವರ್ಷ. ಅಂದರೆ ಬಯಲಿಗಿಂತ ಬೆಟ್ಟವೇ ಎಷ್ಟೋ ಚಿಕ್ಕದು. ಭೂಮಿಯ ಒಳಗೆ ಆಳದಲ್ಲಿ ಹಳೆಯ ಶಿಲೆಯೊಳಕ್ಕೆ ನುಗ್ಗಿದ ಕರಗಿದ ಶಿಲಾದ್ರವ ನಿಧಾನವಾಗಿ ತಣಿದು ಗಟ್ಟಿಯಾಯಿತು. ಕೋಟ್ಯಂತರ ವರ್ಷಗಳ ಮಳೆ ಗಾಳಿಗೆ ಮೇಲಿನ, ಸುತ್ತಲಿನ ಶಿಲೆ ಸವೆದು ಹೋದಾಗ ಈ ಗಟ್ಟಿ ಭಾಗ ತಲೆ ಎತ್ತಿ ನಿಂತಿತು. ನಿಧಾನವಾಗಿ ತಣಿದ ಗುರುತು ಹರಳುಗಳ ಗಾತ್ರದಲ್ಲಿದೆ. ಹೊಸದಾಗಿ ಒಡೆದ ಮುಖವಿರುವ ಬಂಡೆಯನ್ನು ಹತ್ತಿರದಿಂದ ನೋಡಿ: ನಸುಗೆಂಪು ಹರಳು ಫೆಲ್ಡ್‌ಸ್ಪಾರ್, ಗಾಜಿನಂತೆ ಹೊಳೆಯುವುದು ಬೆಣಚು, ನಡುವಿನ ಕಪ್ಪು ಚುಕ್ಕೆ ಅಭ್ರಕ. ಅಲ್ಲಲ್ಲಿ ಬಂಡೆಗಳು ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡಿರುವುದೂ ಕಾಣುತ್ತದೆ. ಮೇಲಿದ್ದ ಭಾರ ಸವೆದು ಹೋದಂತೆ ಒಳಗಿನ ಕಲ್ಲು ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಆ ಬಿರುಕಿಗೆ ನೀರು ಇಳಿದು ಪದರ ಕಳಚುತ್ತದೆ. ದಾರಿಯ ಪಕ್ಕದ ಗುಂಡುಬಂಡೆಗಳು ದುಂಡಗಾಗಿದ್ದು ಹೀಗೆ, ಉರುಳಿ ಬಂದು ಅಲ್ಲ.

ಈ ಕಲ್ಲಿನ ಗುಣ ಹತ್ತುವವರಿಗೆ ನೇರವಾಗಿ ತಟ್ಟುತ್ತದೆ. ಒರಟು ಗ್ರಾನೈಟ್ ಒಣಗಿದ್ದಾಗ ಕಾಲನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಮೂರೂವರೆ ಶತಮಾನದ ನಡಿಗೆಗೆ ಮೆಟ್ಟಿಲುಗಳ ನಡುಭಾಗ ನುಣುಪಾಗಿದೆ. ಸೋನೆ ಮಳೆಯಲ್ಲಿ ಜಾರುವುದು ಅಲ್ಲೇ. ಅಂಚಿನಲ್ಲಿ ನಡೆಯಿರಿ. ಅದರ ಮೇಲೆ ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ, ಕೆಲವರು ಕರ್ಪೂರ ಹಚ್ಚುತ್ತಾ ಹೋಗುತ್ತಾರೆ. ಒದ್ದೆ ಕುಂಕುಮದ ಮೇಲೆ ರಬ್ಬರ್ ಚಪ್ಪಲಿ ಬಿದ್ದರೆ ಕಾಲು ನಿಲ್ಲುವುದಿಲ್ಲ. ಮೆಟ್ಟಿಲು ಪೂಜೆ ಮಾಡುವವರು ಬಗ್ಗಿ ಬಗ್ಗಿ ನಿಲ್ಲುತ್ತಾರೆ, ಅವರ ಹಿಂದೆ ಒತ್ತಿಕೊಂಡು ಹೋಗದೆ ಪಕ್ಕದಿಂದ ದಾಟಿ. ಬರಿಗಾಲಿನಲ್ಲಿ ಹತ್ತುವ ಹರಕೆಯಿದ್ದರೆ ಚಳಿಗಾಲ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲೇರಿದ ಮೇಲೆ ಕಲ್ಲು ಸುಡುತ್ತದೆ, ಅರ್ಧಕ್ಕೆ ಬಂದವರಿಗೆ ಮುಂದಕ್ಕೂ ಹಿಂದಕ್ಕೂ ಹೋಗಲಾಗದ ಸ್ಥಿತಿ.

ಮೆಟ್ಟಿಲು ಕಟ್ಟಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು. ಸಂಖ್ಯೆ ಸಾವಿರ ಎಂದು ಕೆಲವರು, 1,008 ಎಂದು ಕೆಲವರು. ಎಣಿಸಿದವರ ಲೆಕ್ಕ ಒಂದಕ್ಕೊಂದು ಕೂಡುವುದು ಅಪರೂಪ, ಏಕೆಂದರೆ ಯಾವುದು ಮೆಟ್ಟಿಲು, ಯಾವುದು ಬರೀ ಕಲ್ಲುಹಾಸು ಎಂದು ಹೇಳಲಾಗದ ಜಾಗಗಳಿವೆ. ಸಾವಿರಕ್ಕೂ ಸ್ವಲ್ಪ ಹೆಚ್ಚು ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಇವು ಅಪಾರ್ಟ್‌ಮೆಂಟಿನ ಮೆಟ್ಟಿಲುಗಳಲ್ಲ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹೀಗಾಗಿ ಒಂದೇ ಲಯದಲ್ಲಿ ಹೆಜ್ಜೆ ಹಾಕಲು ಬರುವುದಿಲ್ಲ, ದಣಿವು ಲೆಕ್ಕಕ್ಕಿಂತ ಬೇಗ ಬರುತ್ತದೆ.

ಹೆಚ್ಚಿನವರು ಎಡವುವುದು ಶುರುವಿನಲ್ಲೇ. ಪಾದದ ಹತ್ತಿರದ ಭಾಗ ಕಡಿದಾಗಿದೆ, ಉತ್ಸಾಹವೂ ಆಗಲೇ ಜಾಸ್ತಿ. ಮೊದಲ ಇನ್ನೂರು ಮೆಟ್ಟಿಲು ಓಡಿ ಹತ್ತಿದವರು ಮುನ್ನೂರರ ಹೊತ್ತಿಗೆ ಎದೆ ಹಿಡಿದುಕೊಂಡು ಕೂರುತ್ತಾರೆ. ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಒದಗಿಸುವ ವೇಗಕ್ಕೆ ಹೃದಯ, ಶ್ವಾಸಕೋಶ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಅಷ್ಟರವರೆಗೆ ಮಾತನಾಡಿಕೊಂಡು ಹತ್ತುವಷ್ಟು ನಿಧಾನವಿರಲಿ. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ನೂರು ಮೆಟ್ಟಿಲಿಗೊಮ್ಮೆ ಅರ್ಧ ನಿಮಿಷ ನಿಂತುಕೊಳ್ಳಿ, ಕೂರಬೇಡಿ. ದಿನವೂ ಹತ್ತುವ ಮೈಸೂರಿನವರಿಗೆ ಅರ್ಧ ಗಂಟೆ ಸಾಕಾಗಬಹುದು. ಹೊಸಬರು ನಂದಿಯ ಹತ್ತಿರದ ನಿಲುಗಡೆ ಬಿಟ್ಟು ಒಂದು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ತಲೆಗೆ ಒಂದು ಲೀಟರ್ ನೀರು ಬೇಕು. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ನೇತಾಡಿಸಿಕೊಂಡು ಹೋಗಬೇಡಿ. ಇಲ್ಲಿನ ಕೋತಿಗಳಿಗೆ ಕವರಿನ ಸದ್ದೇ ಸಾಕು. ಬಾಳೆಹಣ್ಣು, ತೆಂಗಿನಕಾಯಿ ಬ್ಯಾಗಿನೊಳಗೆ, ಜಿಪ್ ಹಾಕಿ, ಬೆನ್ನಿಗಿರಲಿ. ಕಿತ್ತುಕೊಳ್ಳಲು ಬಂದರೆ ಎಳೆದಾಡದೆ ಬಿಟ್ಟುಬಿಡಿ. ಕಚ್ಚಿಸಿಕೊಂಡರೆ ರೇಬೀಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ.

ಕತ್ತಲಲ್ಲಿ ಹತ್ತುವುದು ಬೇಡ. ಸುತ್ತಲಿನ ಕುರುಚಲು ಕಾಡು ಮೀಸಲು ಅರಣ್ಯ, ಚಿರತೆಗಳಿವೆ. ಬೆಳಕು ಹರಿದ ಮೇಲೆ ಹೊರಟರೂ ಬಿಸಿಲೇರುವ ಮುಂಚೆ ಮೇಲಿರಬಹುದು. ಬೇಸಿಗೆಯಲ್ಲಿ ಒಣಹುಲ್ಲಿಗೆ, ಲಂಟಾನದ ಪೊದೆಗೆ ಬೀಡಿಯ ಒಂದು ಕಿಡಿ ಬಿದ್ದರೂ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಬಹಳ ವೇಗದಲ್ಲಿ ಏರುತ್ತದೆ. ಕರ್ಪೂರ ಹಚ್ಚುವವರು ಅದು ಪೂರ್ತಿ ಆರುವವರೆಗೆ ಅಲ್ಲೇ ನಿಲ್ಲಬೇಕು.

ಸುಮಾರು 700ನೇ ಮೆಟ್ಟಿಲಿನ ಹತ್ತಿರ ನಂದಿ. ಇಡೀ ಬೆಟ್ಟದಲ್ಲಿ ಒಂದೇ ಒಂದನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಿ. ಇದೂ ದೊಡ್ಡದೇವರಾಜ ಒಡೆಯರ ಕಾಲದ್ದೇ. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ, ಏಕಶಿಲೆ. ಇಷ್ಟು ದೊಡ್ಡ ಏಕಶಿಲೆಯ ಮೇಲೆ ಶಿಲ್ಪಿ ಮಾಡಿದ ಕೆಲಸವನ್ನು ಕೊರಳಲ್ಲಿ ನೋಡಬೇಕು. ಗಂಟೆಯ ಸರ, ಹಾರಗಳು, ಒಂದರ ಮೇಲೊಂದು ಬೀಳುವ ಸರಪಳಿಗಳು, ಒಂದೊಂದಕ್ಕೂ ಅದರದೇ ತೂಕವಿದೆ. ಮುಂದೆ ನಿಂತು ಫೋಟೊ ತೆಗೆದು ಹೋಗಬೇಡಿ, ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಹಳೆಯ ಫೋಟೊಗಳಲ್ಲಿ ಕಾಣುವ ಕಪ್ಪು ಮೈ ಕಲ್ಲಿನ ಬಣ್ಣವಲ್ಲ, ತಲೆಮಾರುಗಳಿಂದ ಹಚ್ಚಿದ ಎಣ್ಣೆಯದು. ಪ್ರತಿವರ್ಷ ಕಾರ್ತಿಕ ಮಾಸದಲ್ಲಿ ಇಲ್ಲಿ ಮಹಾಭಿಷೇಕ ನಡೆಯುತ್ತದೆ. ಹಾಲು, ಮೊಸರು, ಅರಿಸಿನ, ಚಂದನ ಒಂದಾದ ಮೇಲೊಂದು ಸುರಿದಾಗ ನಂದಿಯ ಬಣ್ಣ ಬದಲಾಗುವುದನ್ನು ನೋಡಲು ಆ ದಿನ ಬೇಗ ಹೋಗಬೇಕು. ಹತ್ತಿರದಲ್ಲೇ ಬಂಡೆಯ ಕೆಳಗೆ ಒಂದು ಚಿಕ್ಕ ಗುಹೆಯ ಶಿವನ ಗುಡಿ ಇದೆ. ತಲೆ ಬಗ್ಗಿಸಿ ಒಳಹೋಗಬೇಕು.

ನಂದಿಯಿಂದ ಮೇಲಕ್ಕೆ ಇನ್ನು ಸುಮಾರು ಮುನ್ನೂರು ಮೆಟ್ಟಿಲು. ರಸ್ತೆ ದಾಟುವಲ್ಲಿ ತಿರುವಿನಿಂದ ಬರುವ ವಾಹನ ಕಾಣುವುದಿಲ್ಲ, ಮಕ್ಕಳ ಕೈ ಹಿಡಿದುಕೊಳ್ಳಿ. ಹಿಂದಿರುಗಿ ಊರು ನೋಡುವುದಾದರೆ ಬೆಳಗಿನ ಹೊತ್ತೇ ಸರಿ. ನಗರ ಬೆಟ್ಟದ ವಾಯವ್ಯಕ್ಕಿರುವುದರಿಂದ ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಕುದುರೆ ರೇಸಿನ ಮೈದಾನದ ದೊಡ್ಡ ಉಂಗುರ, ಕಾರಂಜಿ ಕೆರೆ, ಅದರಾಚೆ ಅರಮನೆಯ ಗುಮ್ಮಟ, ಬಲಕ್ಕೆ ಬಿಳಿಯ ಲಲಿತಮಹಲ್ ನೇರ ಬೆಳಕಿನಲ್ಲಿ ಸ್ಪಷ್ಟವಾಗಿರುತ್ತವೆ. ಸಂಜೆ ಅದೇ ನೋಟಕ್ಕೆ ಸೂರ್ಯ ಎದುರಾಗುತ್ತಾನೆ, ಊರೆಲ್ಲ ಮಸುಕು. ಡಿಸೆಂಬರ್, ಜನವರಿಯಲ್ಲಿ ಎಂಟರವರೆಗೂ ಮಂಜು ಮುಚ್ಚಿರಬಹುದು. ಮಳೆ ತೊಳೆದುಕೊಟ್ಟ ಸೆಪ್ಟೆಂಬರ್‌ನಿಂದ ನವೆಂಬರ್ ಹೊತ್ತಿನ ಬಿಡುವಿನ ದಿನಗಳಲ್ಲಿ ನೋಟ ಅತಿ ದೂರ ಹೋಗುತ್ತದೆ.

ಮೇಲೆ ಎಲ್ಲರೂ ಹೋಗುವುದು ತಾಯಿ ಚಾಮುಂಡೇಶ್ವರಿಯ ಗುಡಿಗೆ. ಈಗ ಕಾಣುವ ಏಳು ನೆಲೆಯ, ಸುಮಾರು 40 ಮೀಟರ್ ಎತ್ತರದ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಸಿಂಹವಾಹನವನ್ನೂ ನಕ್ಷತ್ರಮಾಲಿಕೆಯೆಂಬ ಆಭರಣವನ್ನೂ ದೇವಿಗೆ ಕೊಟ್ಟವರು ಅವರೇ. ಒಳಗೆ ಅವರ ಮತ್ತು ಮೂವರು ರಾಣಿಯರ ವಿಗ್ರಹಗಳು ದೇವಿಗೆ ಕೈಮುಗಿದು ನಿಂತಿವೆ. ಸಾಲು ತಳ್ಳುವ ರಭಸದಲ್ಲಿ ಇವು ತಪ್ಪಿಹೋಗುತ್ತವೆ. ಒಳಹೋಗುವಾಗ ಪಕ್ಕಕ್ಕೆ ಕಣ್ಣಿಟ್ಟುಕೊಂಡಿರಿ.

ಆದರೆ ಬೆಟ್ಟದ ಹಿರಿಯ ದೇವರು ಬೇರೆ. ಪಕ್ಕದಲ್ಲೇ, ಹತ್ತು ಜನರಲ್ಲಿ ಒಬ್ಬರೂ ಹೋಗದ ಮಹಾಬಲೇಶ್ವರನ ಗುಡಿ ಇದೆ. ಇಲ್ಲಿಯ ಶಾಸನಗಳು ಗಂಗರ ಕಾಲಕ್ಕೆ, ಹತ್ತನೆಯ ಶತಮಾನಕ್ಕೆ ಹೋಗುತ್ತವೆ. ಹೊಯ್ಸಳ ವಿಷ್ಣುವರ್ಧನ 1128ರಲ್ಲಿ ಇಲ್ಲಿಗೆ ದತ್ತಿ ಬಿಟ್ಟಾಗ ಈ ಸ್ಥಳ ಮರ್ಬಳ ತೀರ್ಥ. ಆಗ ಬೆಟ್ಟವನ್ನು ಜನ ಗುರುತಿಸುತ್ತಿದ್ದುದು ಮಹಾಬಲನಿಂದ. ಚಾಮುಂಡಿಯನ್ನು ಕುಲದೇವತೆಯಾಗಿ ಪೂಜಿಸಿದ ಒಡೆಯರ ಬಲ ಬೆಳೆದಂತೆ ಬೆಟ್ಟಕ್ಕೆ ತಾಯಿಯ ಹೆಸರು ಗಟ್ಟಿಯಾಯಿತು. 1573ರಲ್ಲಿ ಅರಸರೊಬ್ಬರು ಸಿಡಿಲಿನಿಂದ ಪಾರಾದರು, ತಲೆಗೂದಲು ಕಳೆದುಕೊಂಡು ಬೋಳ ಚಾಮರಾಜರೆನಿಸಿಕೊಂಡರು ಎಂದು ಅರಸು ಮನೆತನದ ಕಥನ ಹೇಳುತ್ತದಲ್ಲ, ಅವರು ಆಗ ಬಂದಿದ್ದುದೂ ಈ ಮಹಾಬಲೇಶ್ವರನ ದರ್ಶನಕ್ಕೇ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಯ ಸೂಚನೆ ಇದ್ದರೆ ಇವತ್ತಿಗೂ ಮೆಟ್ಟಿಲ ದಾರಿಗೆ ಇಳಿಯಬೇಡಿ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಬೆಟ್ಟದಲ್ಲಿ ಸಿಡಿಲಿನ ಅಪಾಯ ಕೆಳಗಿಗಿಂತ ಹೆಚ್ಚು. ಈ ಗುಡಿಗೆ ತಗ್ಗಿದ ಸೂರು, ಸರಳ ಕಂಬಗಳು, ಸಾಲಿಲ್ಲ, ಟಿಕೆಟ್ಟಿಲ್ಲ. ಚಾಮುಂಡೇಶ್ವರಿ ದರ್ಶನಕ್ಕೆ ಎರಡು ಗಂಟೆ ನಿಲ್ಲುವವರು ಇಲ್ಲಿಗೆ ಹತ್ತು ನಿಮಿಷ ಕೊಡದೆ ಹೋಗುವುದು ನಿಜಕ್ಕೂ ಬೇಸರದ ಸಂಗತಿ. ದಾರಿ ತೋರಿಸುವ ಫಲಕ ಇನ್ನೂ ದೊಡ್ಡದಿರಬೇಕಿತ್ತು.

ದರ್ಶನದ ವೇಳೆ ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 2, ಮತ್ತೆ 3.30ರಿಂದ 6, ರಾತ್ರಿ 7.30ರಿಂದ 9. ನಡುವಿನ ಬಿಡುವಿನಲ್ಲಿ ಬಂದು ಸಿಕ್ಕಿಕೊಳ್ಳುವವರೇ ಜಾಸ್ತಿ. ಸಂಜೆ ಆರಕ್ಕೆ ಅಭಿಷೇಕಕ್ಕಾಗಿ ಬಾಗಿಲು ಹಾಕಿದರೆ ಒಂದೂವರೆ ಗಂಟೆ ಕಾಯಬೇಕು. ವಿಶೇಷ ದಿನಗಳಲ್ಲಿ ವೇಳೆ ಬದಲಾಗುತ್ತದೆ. ಬೆಳಕು ಹರಿಯುತ್ತಲೇ ಮೆಟ್ಟಿಲು ಹತ್ತಿದವರು ಏಳೂವರೆಯ ಮೊದಲ ಸಾಲಿಗೆ ಸರಿಯಾಗಿ ತಲುಪುತ್ತಾರೆ. ಮಂಗಳವಾರ, ಶುಕ್ರವಾರ, ಭಾನುವಾರ ಬಿಟ್ಟು ಬೇರೆ ದಿನ ಬಂದರೆ ಟಿಕೆಟ್ ಸಾಲಿಗೂ ಧರ್ಮದರ್ಶನದ ಸಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ದಾಸೋಹದಲ್ಲಿ ಊಟ ಸಿಗುತ್ತದೆ.

ಅರ್ಧ ಅಂಕ ಕಳೆದಿರುವುದು ಇಲ್ಲಿಂದ ಮುಂದಿನದಕ್ಕೆ. ಬೆಟ್ಟದ ತುದಿಯಲ್ಲಿ ಬಹುಮಹಡಿ ವಾಹನ ನಿಲುಗಡೆ, ಅಂಗಡಿ ಸಂಕೀರ್ಣ ಕಟ್ಟಲಾಗಿದೆ. ವಾಹನಗಳಿಗೆ ಮೇಲೆ ಜಾಗ ಕೊಟ್ಟಷ್ಟೂ ಮೇಲಕ್ಕೆ ವಾಹನ ಬರುತ್ತವೆ. ರಜಾದಿನ ಹನ್ನೊಂದರ ಮೇಲೆ ಕೊನೆಯ ತಿರುವುಗಳಲ್ಲಿ ಕಾರುಗಳು ತೆವಳುವುದು ಇದೇ ಕಾರಣಕ್ಕೆ. ನಿಲುಗಡೆ ಇರಬೇಕಾದದ್ದು ಕೆಳಗೆ, ಮೇಲಕ್ಕೆ ಬಸ್ಸು ಮಾತ್ರ. ಅದು ಆಗುವ ಮಾತೇ ಎಂಬ ಪ್ರಶ್ನೆಗೆ ಉತ್ತರ ಆಷಾಢ ಶುಕ್ರವಾರಗಳಲ್ಲೇ ಇದೆ. ಇತ್ತೀಚಿನ ವರ್ಷಗಳಲ್ಲಿ ಆ ದಿನಗಳಂದು ಖಾಸಗಿ ವಾಹನಗಳನ್ನು ಕೆಳಗೇ ತಡೆದು, ಲಲಿತಮಹಲ್ ಬಳಿಯ ಮೈದಾನದಿಂದ ಬಸ್ಸಿನಲ್ಲಿ ಕಳಿಸುತ್ತಾರೆ. ವರ್ಷದ ಅತಿ ದೊಡ್ಡ ಜನಸಂದಣಿಯ ದಿನ ನಡೆಯುವ ವ್ಯವಸ್ಥೆ ಪ್ರತಿ ಭಾನುವಾರ ಏಕೆ ನಡೆಯಬಾರದು?

ಇದು ಬರೀ ಅನುಕೂಲದ ಮಾತಲ್ಲ. ಈ ಗ್ರಾನೈಟಿನ ಮೇಲೆ ಮಣ್ಣಿನ ಹೊದಿಕೆ ತೆಳು. ಶಿಥಿಲವಾದ ಮರಳುಮಣ್ಣು ನಯವಾದ ಬಂಡೆಯ ಮೇಲೆ ಕುಳಿತಿದೆ. ರಸ್ತೆಗೆಂದು ಇಳಿಜಾರು ಕತ್ತರಿಸಿ, ಹೊರಬದಿಗೆ ಮಣ್ಣು ತುಂಬಿ ಕಲ್ಲಿನ ತಡೆಗೋಡೆ ಕಟ್ಟಿದಾಗ, ಮೇಲಿಂದ ಬರುವ ನೀರಿಗೆ ಚರಂಡಿ ಮತ್ತು ಮೋರಿಯೊಂದೇ ದಾರಿ. ಎಲೆ, ಕಸ, ಪ್ಲಾಸ್ಟಿಕ್ ಬಾಟಲಿ ಮೋರಿಗೆ ಸಿಕ್ಕಿಕೊಂಡರೆ ನೀರು ತುಂಬುಮಣ್ಣಿನೊಳಕ್ಕೆ ಇಳಿಯುತ್ತದೆ, ಮಣ್ಣು ಭಾರವಾಗಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. 2021ರ ಅಕ್ಟೋಬರ್ ಮಳೆಗೆ ನಂದಿಗೆ ಹೋಗುವ ರಸ್ತೆ ಕುಸಿದು ವಾಹನ ಸಂಚಾರ ನಿಂತಿತು. ನಂದಿಯವರೆಗೆ ಕಾರಿನಲ್ಲಿ ಹೋಗುವ ಯೋಚನೆ ಇರುವವರು, ಅದರಲ್ಲೂ ಮಳೆಗಾಲದಲ್ಲಿ, ರಸ್ತೆ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಬೇಕು. ಮುಚ್ಚಿದ್ದರೆ ಮೇಲಿನಿಂದ ಮುನ್ನೂರು ಮೆಟ್ಟಿಲು ಇಳಿದು ನೋಡಿ, ಅಷ್ಟನ್ನೇ ಹತ್ತಿ ವಾಪಸ್ಸಾಗಬಹುದು. ರೋಪ್‌ವೇ ಪ್ರಸ್ತಾಪಕ್ಕೆ ಮೈಸೂರಿನ ಜನ ವಿರೋಧಿಸಿ, 2022ರಲ್ಲಿ ಸರ್ಕಾರ ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಈ ಬೆಟ್ಟಕ್ಕೆ ಇನ್ನೊಂದು ಕಟ್ಟಡದ ಭಾರ ಬೇಕಿಲ್ಲ, ಇರುವ ಚರಂಡಿಗಳನ್ನು ಮಳೆಗೆ ಮುಂಚೆ ಬಿಡಿಸಿಡುವ ಕೆಲಸ ಬೇಕು.

ಇಳಿಯುವುದಕ್ಕೆ ಬಸ್ಸು ಎಂದೆವಲ್ಲ, ಅದರ ಕಾರಣ ಮೊಣಕಾಲು. ಹತ್ತುವಾಗ ದಣಿಯುವುದು ಉಸಿರು. ಇಳಿಯುವಾಗ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ತಡೆಯಬೇಕು, ಮೊಣಚಿಪ್ಪಿನ ಮೇಲೆ ಒತ್ತಡ ಹಲವು ಪಟ್ಟು ಏರುತ್ತದೆ. ಅಸಮ ಎತ್ತರದ ಸಾವಿರ ಮೆಟ್ಟಿಲು ಇಳಿದವರಿಗೆ ಮರುದಿನ ಕಾಲು ಮಡಚಲು ಕಷ್ಟವಾಗುವುದು ಇದರಿಂದ. ಹೆಚ್ಚು ಜನ ಜಾರಿ ಬೀಳುವುದೂ ಇಳಿಯುವಾಗಲೇ. ನಗರ ಬಸ್ ನಿಲ್ದಾಣಕ್ಕೆ ಹೋಗುವ 201 ನಂಬರಿನ ಬಸ್ಸು ಮೇಲಿನ ನಿಲ್ದಾಣದಿಂದ ಆಗಾಗ ಸಿಗುತ್ತದೆ. ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ, ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ. ಗಾಡಿಯನ್ನು ಪಾದದ ಬಳಿ ನಿಲ್ಲಿಸಿದವರು ಮಾತ್ರ ಪೇಟೆಯವರೆಗೆ ಬಂದು ಆಟೋ ಹಿಡಿದು ಹಿಂದಿರುಗಬೇಕು. ಆದ್ದರಿಂದ ಬೆಳಿಗ್ಗೆಯೇ ಆಟೋದಲ್ಲಿ ಪಾದಕ್ಕೆ ಹೋಗುವುದು ಮೇಲು.

ಮೊಣಕಾಲು ಸವೆತ, ಹೃದಯದ ತೊಂದರೆ, ಗರ್ಭಿಣಿಯರು, ತೀರಾ ಚಿಕ್ಕ ಮಕ್ಕಳನ್ನು ಎತ್ತಿಕೊಂಡವರು ಹೋಗಿ ಬರುವುದೆರಡನ್ನೂ ಬಸ್ಸಿನಲ್ಲೇ ಮಾಡಲಿ. ಬೆಳಗಿನ ಮೊದಲ ಬಸ್ಸುಗಳಲ್ಲಿ ಹೋದರೆ ಹೊರೆಯಾಗುವುದಿಲ್ಲ. ಇನ್ನೂ ಒಂದು ಗಂಟೆ ಮಿಕ್ಕಿದ್ದರೆ ಬೆಟ್ಟದ ತಪ್ಪಲಿನ ಉತ್ತನಹಳ್ಳಿಗೆ ಹೋಗಿ ಬನ್ನಿ. ಅಲ್ಲಿಯ ಜ್ವಾಲಾಮುಖಿ ತ್ರಿಪುರಸುಂದರಿಯನ್ನು ಮೈಸೂರಿನವರು ಚಾಮುಂಡಿಯ ತಂಗಿ ಎನ್ನುತ್ತಾರೆ. ಬೆಟ್ಟಕ್ಕೆ ಹೋದವರು ತಂಗಿಯ ಮನೆಗೂ ಹೋಗಿಬರುವ ರೂಢಿ ಹಲವು ಮನೆಗಳಲ್ಲಿದೆ. ಆಷಾಢ ಬಿಟ್ಟು ಉಳಿದ ದಿನ ಅಲ್ಲಿ ಗಲಾಟೆ ಕಡಿಮೆ, ಬೆಟ್ಟದ ಇನ್ನೊಂದು ಮಗ್ಗುಲೂ ಅಲ್ಲಿಂದ ಪೂರ್ತಿಯಾಗಿ ಕಾಣುತ್ತದೆ.